ಫರ್ನೇಸ್ ಬಾಗಿಲು ಎತ್ತೋಕೆ ತೋಳು ಯಾಕೆ ಸ್ವಾಮಿ, ಕಲ್ಲಿಲ್ವಾ?

ಮೆಕ್ಯಾನಿಕಲ್ ಹುಡುಗರ ಫೈನಲ್ ಇಯರ್ ಪ್ರಾಜೆಕ್ಟುಗಳ ಹೆಸರು ಎಂದಾದರೂ ಓದಿದ್ದೀರಾ? ಸ್ಮಾರ್ಟ್ ಡಸ್ಟ್‌ಬಿನ್, ಔಷಧಿ ಸಿಂಪಡಿಸೋ ಡ್ರೋನ್, ಮೊಬೈಲಿನಿಂದ ಓಡೋ ರೋಬೋಟ್, ತಾನೇ ತಾನಾಗಿ ಗಿಡಕ್ಕೆ ನೀರು ಹಾಕೋ ಯಂತ್ರ... ಬಹುಪಾಲು ಇವೇ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಸಿಗುತ್ತವೆ. "ನಾಲ್ಕು ಕ್ವಿಂಟಾಲ್ ತೂಕದ ಫರ್ನೇಸ್ ಬಾಗಿಲನ್ನು ಒಬ್ಬನೇ ಮನುಷ್ಯ ಸೊಂಟ ಮುರಿದುಕೊಳ್ಳದೆ ಎತ್ತುವ ವ್ಯವಸ್ಥೆ" ಅಂತ ಒಂದು ಪ್ರಾಜೆಕ್ಟ್ ಕಂಡರೆ ದಯವಿಟ್ಟು ನನಗೆ ತೋರಿಸಿ. ನಾನಂತೂ ಕಂಡಿಲ್ಲ.

ಯಾಕಿಲ್ಲ ಅಂದರೆ, ಅದು ಯಾರಿಗೂ ಸಮಸ್ಯೆ ಅಂತಲೇ ಅನ್ನಿಸಿಲ್ಲ. ಎತ್ತೋಕೆ ಜನ ಇದ್ದಾರಲ್ಲ!

ನಾನು ಓದಿದ್ದು ಮೆಕ್ಯಾನಿಕಲ್, ತಿನ್ನೋದು ಸಾಫ್ಟ್‌ವೇರಿನ ಅನ್ನ. "ಕೋಡ್ ಬರೆಯೋನಿಗೆ ಕಬ್ಬಿಣದ ಉಸಾಬರಿ ಯಾಕಯ್ಯ" ಅಂತ ನೀವು ಕೇಳಬಹುದು. ಇರಲಿ ಬಿಡಿ. ಭಾರ ಎತ್ತೋ ಲೆಕ್ಕ ಯಾವ ಕಂಪನಿಯ ಸ್ವತ್ತೂ ಅಲ್ಲ.

ನಮ್ಮ ಹಾಸನದ ಕಡೆ ಬೆಂಕಿಯ ಮುಂದೆ ನಿಂತು ದುಡಿಯೋರು ಕಡಿಮೆ ಏನಿಲ್ಲ. ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳಲ್ಲಿ ತಂಬಾಕು ಬ್ಯಾರನ್‌ಗಳಿವೆ. ಸೊಪ್ಪು ಹದಕ್ಕೆ ಬರೋವರೆಗೂ ರಾತ್ರಿಯೆಲ್ಲ ಎದ್ದೆದ್ದು ಒಲೆಗೆ ಸೌದೆ ಒಡ್ಡಬೇಕು. ಆಮೇಲಷ್ಟೇ ಬೇಲು ಕಟ್ಟಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊರಡೋದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಸಕ್ಕರೆ ಕಾರ್ಖಾನೆ ಅಂದಮೇಲೆ ಕಬ್ಬಿನ ರಚ್ಚು ಉರಿಸೋ ಬಾಯ್ಲರ್ ಇರಲೇಬೇಕು. ಬ್ಯಾರನ್ ಒಲೆಯ ಬಾಗಿಲು ಒಂದೇ ಕೈಯಲ್ಲಿ ತೆಗೆಯೋವಷ್ಟು ಹಗುರ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಜಗಳ ಇರೋದು ಕಬ್ಬಿಣ ಕಾಯಿಸೋ ದೊಡ್ಡ ಫರ್ನೇಸುಗಳ ಬಾಗಿಲಿನ ಜೊತೆ. ಮೇಲಕ್ಕೆ ಎತ್ತಿ ತೆಗೀಬೇಕಾದ, ಒಳಗಡೆ ಇಟ್ಟಿಗೆ ಕಟ್ಟಿದ ಬಾಗಿಲು.

ಹಾಸನದ ಹತ್ತಿರದ ಒಂದು ಸಣ್ಣ ಘಟಕದಲ್ಲಿ ಇಂಥದ್ದೊಂದನ್ನು ನೋಡಿದೆ. ಹೆಸರು ಬೇಡ, ಇಂಥವು ಎಲ್ಲ ಊರಲ್ಲೂ ಇವೆ. ಮೇಲೆ ಒಂದು ತೊಲೆ, ತೊಲೆಗೆ ಒಂದು ರಾಟೆ, ರಾಟೆ ಮೇಲೆ ಒಂದು ಚೈನು. ಚೈನಿನ ತುದಿ ಹಿಡಿದು ನಾಲ್ಕು ಜನ "ಹೂಂ" ಅಂತ ಎಳೀತಾರೆ. ಬಾಗಿಲು ಎದೆಮಟ್ಟ ಬಂದಾಗ ಐದನೆಯವನು ಓಡಿಬಂದು ಅಡಿಗೆ ಎರಡು ಪೈಪ್ ಕೊಡ್ತಾನೆ. ಪೈಪಿನ ಮೇಲೆ ಬಾಗಿಲು, ಬಾಗಿಲ ಕೆಳಗೆ ಇವರು. ಒಂದು ಪಾಳಿಗೆ ಹತ್ತು ಹನ್ನೆರಡು ಸಲ ಈ ಸರ್ಕಸ್ಸು.

"ಹೆಂಗಣ್ಣಾ ಎತ್ತೀರಿ?" ಅಂದೆ. "ಹೆಂಗೋ ಎತ್ತೀವಿ ಸಾ. ಮೊದಲ್ನೆ ಪಾಳಿಲಿ ಗೊತ್ತಾಗಕಿಲ್ಲ. ಮೂರ್ನೇ ಪಾಳಿಲಿ ಕೈ ಸೋಲ್ತದೆ," ಅಂದ್ರು ಒಬ್ಬರು. ಹಿಂದೊಂದು ಸಲ ಪೈಪ್ ಜಾರಿ ಅಲ್ಲಿ ಒಬ್ಬರ ಎಡಗೈಯ ಎರಡು ಬೆರಳು ಹೋಗಿವೆ. ಅವರೀಗ ಅಲ್ಲೇ ಗೇಟಿನಲ್ಲಿ ವಾಚ್‌ಮನ್. ಮಾಲೀಕರನ್ನು ಕೇಳಿದರೆ, "ಅವನೇ ಸರಿಯಾಗಿ ಪೈಪ್ ಕೊಡಲಿಲ್ಲ, ನಾವೇ ಆಸ್ಪತ್ರೆ ಖರ್ಚು ನೋಡ್ಕೊಂಡ್ವಿ. ಮೂವತ್ತು ವರ್ಷದಿಂದ ಹಿಂಗೇ ನಡೀತಿದೆ."

ಈ "ಮೂವತ್ತು ವರ್ಷದಿಂದ ಹಿಂಗೇ" ಇದೆಯಲ್ಲ, ನನ್ನ ಸಿಟ್ಟಿರೋದು ಅದರ ಮೇಲೇ. ಪೈಪ್ ಕೊಟ್ಟವನದು ತಪ್ಪಂತೆ. ಪೈಪನ್ನೇ ನಂಬಿಕೊಂಡ ಬಾಗಿಲು ಮಾಡಿದವನದು?

ಬನ್ನಿ, ಒಂದು ಸಲ ಲೆಕ್ಕ ಹಾಕೋಣ. ಎಸ್ಸೆಸ್ಸೆಲ್ಸಿ ಲೆಕ್ಕ ಸಾಕು.

ಬಾಗಿಲು 1.2 ಮೀಟರ್ ಅಗಲ, 1 ಮೀಟರ್ ಎತ್ತರ ಅಂದುಕೊಳ್ಳಿ. 10 ಮಿ.ಮೀ. ಉಕ್ಕಿನ ತಗಡು, ತೂಕ ಸುಮಾರು 94 ಕೆಜಿ. ಅದಕ್ಕೆ ನಾಲ್ಕೂವರೆ ಇಂಚು ದಪ್ಪದ ಬೆಂಕಿ ಇಟ್ಟಿಗೆ ಕಟ್ಟಿದರೆ ಹತ್ತಿರ ಹತ್ತಿರ 275 ಕೆಜಿ. ಪಟ್ಟಿ, ಬೋಲ್ಟು, ಕೊಂಡಿ ಎಲ್ಲ ಸೇರಿ 400 ಕೆಜಿ. ನಾಲ್ಕು ಜನ ಎತ್ತಿದರೆ ತಲೆಗೆ ನೂರು ಕೆಜಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಕೊಟ್ಟ ಶಿಫಾರಸಿನಲ್ಲಿ ದೊಡ್ಡ ಗಂಡಾಳಿಗೆ 55 ಕೆಜಿ ಮಿತಿ ಇದೆ. ಅಮೆರಿಕದ ನಿಯೋಶ್ ಸಂಸ್ಥೆಯ 1991ರ ಸೂತ್ರದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ, 23 ಕೆಜಿ. ನಮ್ಮಲ್ಲಿ ನೂರು! ಅದೂ ಬೆಂಕಿಯ ಬಾಯಿ ಮುಂದೆ.

ಆ ಬಾಯಿ ಎಂಥದ್ದು ಗೊತ್ತಾ? 900 ಡಿಗ್ರಿ ಕಾದಿರೋ ಫರ್ನೇಸಿನ ಬಾಯಿಂದ ಒಂದು ಚದರ ಮೀಟರಿಗೆ ಸುಮಾರು 100 ಕಿಲೋವ್ಯಾಟ್ ಶಾಖ ಹೊರಗೆ ಚಿಮ್ಮುತ್ತೆ. ನೆತ್ತಿ ಮೇಲಿನ ಮಧ್ಯಾಹ್ನದ ಬಿಸಿಲು ಹೆಚ್ಚುಕಡಿಮೆ 1 ಕಿಲೋವ್ಯಾಟ್. ಅಂದರೆ ನೂರು ಸೂರ್ಯ. ಬಾಗಿಲು ತೆರೆದಿರೋ ಒಂದೊಂದು ಸೆಕೆಂಡೂ ಕೆಲಸಗಾರನ ಮೈಮೇಲೆ, ಮಾಲೀಕರ ಬಿಲ್ಲಿನ ಮೇಲೆ ಬೀಳುತ್ತೆ. ಹಾಗಾಗಿ ಬಾಗಿಲು ಹಗುರವಾಗಿ ಎದ್ದರೆ ಸಾಲದು, ಬೇಗನೂ ಏಳಬೇಕು. ಈ ಎರಡನೇ ಮಾತನ್ನು ಬಹಳ ಜನ ಮರೀತಾರೆ.

ಇದಕ್ಕೆ ಎರಡು ಥರದ ಪಂಡಿತರು ಎರಡು ಉತ್ತರ ಕೊಡ್ತಾರೆ.

ಮೊದಲನೆಯವರು "ಒಂದು ಗೇರ್ ವಿಂಚ್ ಹಾಕಿ, ಒಬ್ಬನೇ ತಿರುಗಿಸ್ತಾನೆ" ಅನ್ನೋರು. ಸರಿ, ಹಾಕೋಣ. ಡ್ರಮ್ಮಿನ ತ್ರಿಜ್ಯ 75 ಮಿ.ಮೀ., ಹಿಡಿಕೆ 350 ಮಿ.ಮೀ., 40ಕ್ಕೆ 1ರ ವರ್ಮ್ ಗೇರ್, ದಕ್ಷತೆ ಶೇಕಡಾ 40 ಅಂತ ಇಟ್ಟುಕೊಳ್ಳಿ. ಹಿಡಿಕೆಗೆ ಐದಾರು ಕೆಜಿ ಬಲ ಸಾಕು. ಆಹಾ! ಆದರೆ ಬಾಗಿಲು ಒಂದು ಮೀಟರ್ ಏಳೋಕೆ ಹಿಡಿಕೆಯನ್ನು 85 ಸುತ್ತು ತಿರುಗಿಸಬೇಕು. ನಿಮಿಷಕ್ಕೆ 30 ಸುತ್ತು ಅಂದರೂ ಹತ್ತಿರ ಮೂರು ನಿಮಿಷ. ಮುಚ್ಚೋಕೆ ಇನ್ನೊಂದು ಮೂರು ನಿಮಿಷ. ನೂರು ಸೂರ್ಯನ ಪಕ್ಕದಲ್ಲಿ ನಿಂತು ತಿರುಗಿಸೋನು ಯಾರು? ಗೇರ್ ಕಳ್ಳ ಅಲ್ಲ, ಆದರೆ ದಾನಿಯೂ ಅಲ್ಲ. ಬಲದಲ್ಲಿ ಬಿಟ್ಟಿದ್ದನ್ನು ಹೊತ್ತಿನಲ್ಲಿ ವಸೂಲಿ ಮಾಡುತ್ತೆ.

ಎರಡನೆಯವರು "ಮೋಟರ್ ಹಾಕಿಬಿಡಿ, ಈ ಕಾಲದಲ್ಲಿ ಕೈಯಲ್ಲಿ ಎತ್ತೋದು ಎಂಥದ್ದು" ಅನ್ನೋರು. ಇವರಿಗೆ ನನ್ನ ಮೊದಲ ಪ್ರಶ್ನೆ: ಕರೆಂಟ್ ಹೋದಾಗ? ಬಾಗಿಲು ಅರ್ಧಕ್ಕೆ ನಿಂತು, ಒಳಗೆ ಮಾಲು ಕಾಯ್ತಾ ಕೂತಿರುವಾಗ ಏನು ಮಾಡ್ತೀರಿ? ಕೊನೆಗೆ ಕೈಯಲ್ಲೇ ಎತ್ತಬೇಕು. ಅದೂ ಕೈಗೆ ಅಂತ ಮಾಡಿಲ್ಲದ ಬಾಗಿಲನ್ನು! ಎರಡನೇ ಪ್ರಶ್ನೆ: ಬರೀ 400 ಕೆಜಿಗೆ ಮೋಟರ್ ಕಟ್ಟಿದರೆ ಮೋಟರ್ ದೊಡ್ಡದು, ಬ್ರೇಕ್ ದೊಡ್ಡದು. ಬ್ರೇಕ್ ಕೈಕೊಟ್ಟರೆ ಬೀಳೋ ಭಾರ ಅಷ್ಟೇ ದೊಡ್ಡದು. ಸಮಸ್ಯೆ ಮಾಯ ಆಗಲಿಲ್ಲ, ಪೇಂಟ್ ಹೊಡೆಸಿಕೊಂಡಿತು ಅಷ್ಟೇ.

ನಾನೂ ನೀವೂ ಬೆಂಗಳೂರಿನ ಆಫೀಸಿನಲ್ಲಿ ದಿನಾ ಹತ್ತಿ ಇಳಿಯೋ ಲಿಫ್ಟ್ ಇದೆಯಲ್ಲ, ಅದರ ಮೋಟರ್ ಲಿಫ್ಟನ್ನು ಪೂರ್ತಿ ಎತ್ತೋದಿಲ್ಲ. ಆ ಕಡೆ ಒಂದು ಪ್ರತಿಭಾರ ನೇತಾಡ್ತಾ ಇರುತ್ತೆ. ಲಿಫ್ಟಿನ ಸ್ವಂತ ತೂಕದ ಜೊತೆಗೆ ಅದು ಹೊರೋ ಭಾರದ ಶೇಕಡಾ 40ರಿಂದ 50ರಷ್ಟು ಸೇರಿಸಿ ಅದನ್ನು ಮಾಡಿರ್ತಾರೆ. ಮೋಟರಿಗೆ ಉಳಿಯೋದು ಮಿಕ್ಕಿದ ವ್ಯತ್ಯಾಸ. ನಮಗೆ ಎರಡನೇ ಮಹಡಿಗೆ ಹೋಗೋಕೆ ಇಷ್ಟು ಬುದ್ಧಿ ಖರ್ಚು ಮಾಡಿದ್ದಾರೆ. ಫರ್ನೇಸಿನವನಿಗೆ ಪೈಪು.

ಇದಕ್ಕೆ ವಿದೇಶಿ ಪುಸ್ತಕವೂ ಬೇಡ. ನಮ್ಮ ತಾತಂದಿರು ಬಾವಿಗೆ ಏತ ಹಾಕ್ತಿದ್ದರಲ್ಲ, ಏತದ ಬಾಲಕ್ಕೆ ಕಲ್ಲು ಯಾಕೆ ಕಟ್ಟಿದ್ದರು? ಚಂದಕ್ಕಾ? ತುಂಬಿದ ಬಾನಿಯನ್ನು ಮೇಲೆತ್ತೋದು ಕಲ್ಲು, ಮನುಷ್ಯ ಬರೀ ಖಾಲಿ ಬಾನಿಯನ್ನು ಕೆಳಗೆ ಒತ್ತೋನು. ಫಾರೆಸ್ಟ್ ಚೆಕ್‌ಪೋಸ್ಟಿನ ಅಡ್ಡಗಂಬ ನೋಡಿ, ಗಿಡ್ಡ ತುದಿಗೆ ಕಲ್ಲು ಕಟ್ಟಿರ್ತಾರೆ, ಗಾರ್ಡ್ ಒಂದೇ ಕೈಯಲ್ಲಿ ಎತ್ತುತ್ತಾನೆ. ಹಾಸನದಿಂದ ಹೊಳೆನರಸೀಪುರದ ಮೇಲೆ ಮೈಸೂರಿಗೆ ರೈಲಲ್ಲಿ ಹೋದವರಿಗೆ ಲೆವೆಲ್ ಕ್ರಾಸಿಂಗ್ ಗೊತ್ತಿರುತ್ತೆ. ಕೈಯಲ್ಲಿ ಹಿಡಿಕೆ ತಿರುಗಿಸಿ ಎತ್ತೋ ರೈಲ್ವೆ ಗೇಟುಗಳಲ್ಲೂ ಇದೇ ಉಪಾಯ, ಬುಡದಲ್ಲಿ ತೂಕದ ಪೆಟ್ಟಿಗೆ. ಅಷ್ಟುದ್ದದ ಕಂಬವನ್ನು ಎತ್ತೋಕೆ ಒಬ್ಬನೇ ಗೇಟ್‌ಮನ್. ಹೊಲ, ಕಾಡು, ರೈಲು ಎಲ್ಲಾ ಕಡೆ ಗೊತ್ತಿರೋ ವಿದ್ಯೆ ಕಾರ್ಖಾನೆ ಒಳಗೆ ಬಂದಾಗ ಮಾತ್ರ ಮರೆತು ಹೋಗುತ್ತಾ?

ಸರಿ, ಬೈದಿದ್ದು ಸಾಕು, ಮಾಡೋದು ಹೇಗೆ ಅಂತ ಹೇಳ್ತೀನಿ.

ಮೊದಲು ಎತ್ತೋ ಯಂತ್ರ ಮುಟ್ಟಬೇಡಿ, ಬಾಗಿಲ ತೂಕ ಇಳಿಸಿ. ಇಟ್ಟಿಗೆಯ ಜಾಗದಲ್ಲಿ ಸೆರಾಮಿಕ್ ಫೈಬರ್ ಹಾಕಿದರೆ, 150 ಮಿ.ಮೀ. ದಪ್ಪಕ್ಕೂ 25 ಕೆಜಿ ದಾಟಲ್ಲ. ನಾನೂರು ಕೆಜಿ ಬಾಗಿಲು ನೂರೈವತ್ತಕ್ಕೆ ಬರುತ್ತೆ. ಆದರೆ ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕತ್ತರಿಸುವಾಗ, ಹಳೇದನ್ನು ಕೀಳುವಾಗ ಸರಿಯಾದ ಮಾಸ್ಕ್ ಇರಲೇಬೇಕು. ಮಾಲು ತಗುಲಿ ಏಟು ಬೀಳೋ ಕಡೆ ಅದು ಬಾಳಿಕೆಯೂ ಬರಲ್ಲ. ಅಂಥ ಕಡೆ ಇಟ್ಟಿಗೆಯೇ ಇರಲಿ, 400 ಕೆಜಿಗೇ ಲೆಕ್ಕ ಮುಂದುವರಿಸೋಣ.

ಎರಡನೇದು, ಪ್ರತಿಭಾರ. ಬಾಗಿಲು 400, ಆ ಕಡೆ 370 ಕೆಜಿ. ಉಳಿಯೋದು ಬರೀ 30. ರಾಟೆಗಳ ಘರ್ಷಣೆ 20 ಅಂತ ಸೇರಿಸಿ 50 ಮಾಡಿ. ಅದೇ ಡ್ರಮ್ಮು, ಅದೇ ಹಿಡಿಕೆ, ಗೇರೇ ಬೇಡ. ಕೈಗೆ ಬರೋ ಭಾರ 11 ಕೆಜಿ, ಬಾವಿಯಿಂದ ಒಂದು ಕೊಡ ನೀರು ಸೇದಿದಷ್ಟು. ಸುತ್ತು ಎಷ್ಟು ಗೊತ್ತಾ? ಎರಡು ಚಿಲ್ಲರೆ! ಮೂರು ನಿಮಿಷದ ಕೆಲಸ ಐದಾರು ಸೆಕೆಂಡಿಗೆ ಮುಗೀತು. ಬಲವೂ ಉಳೀತು, ಹೊತ್ತೂ ಉಳೀತು.

370 ಕೆಜಿ ತೂಕ ಎಲ್ಲಿಂದ ತರೋದು ಅಂತೀರಾ? ಒಂದಡಿ ಚೌಕದ, ಐದಡಿ ಉದ್ದದ ಕಲ್ಲುಕಂಬ ಸಾಕು. ಹಳೇಬೀಡು, ಶ್ರವಣಬೆಳಗೊಳ ಇರೋ ಜಿಲ್ಲೆಯಲ್ಲಿ ಕಲ್ಲಿಗೆ ಬರವಾ? ಗುಜರಿ ಕಬ್ಬಿಣವೇ ಬೇಕು ಅಂದರೆ, ಕೆಜಿಗೆ 40 ರೂಪಾಯಿ ಅಂತಿಟ್ಟುಕೊಂಡರೂ 14,800 ರೂಪಾಯಿ. ಎರಡು ಬೆರಳಿನ ಬೆಲೆ ಇದಕ್ಕಿಂತ ಕಡಿಮೆ ಅನ್ನೋರು ಕೈ ಎತ್ತಲಿ.

ಪ್ರತಿಭಾರ ಒಂದೇ ದಿಮ್ಮಿ ಆಗಿರಬಾರದು, ಸಣ್ಣ ಬಿಲ್ಲೆಗಳನ್ನು ಸೇರಿಸಿ ತೆಗೆಯೋ ಹಾಗಿರಬೇಕು. ಯಾಕಂದ್ರೆ ಬಾಗಿಲು ರಿಪೇರಿಗೆ ಹೋದಾಗಲೆಲ್ಲ ತೂಕ ಬದಲಾಗುತ್ತೆ. ಮೇಸ್ತ್ರಿ ಎರಡು ಬಾಂಡ್ಲಿ ಗಾರೆ ಜಾಸ್ತಿ ಮೆತ್ತಿದರೆ ಮಾರನೇ ದಿನ ಬಾಗಿಲು ಭಾರ. ಇದಕ್ಕಿಂತ ಅಪಾಯ ತಿರುಗುಮುರುಗು ಆದಾಗ. ಒಳಗಿನ ಇಟ್ಟಿಗೆ ಕಳಚಿ ಬಿದ್ದರೆ ಬಾಗಿಲು ದಿಢೀರ್ ಹಗುರ ಆಗಿ, ಪ್ರತಿಭಾರ ಅದನ್ನು ಮೇಲಕ್ಕೆ ಎಳ್ಕೊಂಡು ಹೋಗುತ್ತೆ. ಹಾಗಾಗಿ ಬಾಗಿಲಿಗೆ ಮೇಲೂ ಬೀಗ, ಕೆಳಗೂ ಬೀಗ. ಬೀಗ ಅಂದರೆ ಪೈಪಲ್ಲ, ಚೌಕಟ್ಟಿನ ತೂತಿನಲ್ಲಿ ಹೋಗಿ ಕೂರೋ ದಪ್ಪನೆ ಪಿನ್ನು. ಹಿಡಿಕೆ ಕೈತಪ್ಪಿ ಹಿಂದಕ್ಕೆ ತಿರುಗಿ ಮಣಿಕಟ್ಟು ಮುರೀದಂತೆ ರ್ಯಾಚೆಟ್ಟು. ಪ್ರತಿಭಾರ ಓಡಾಡೋ ಜಾಗಕ್ಕೆ ಪೂರ್ತಿ ಜಾಲರಿ, ಅದರ ಕೆಳಗೆ ಯಾರೂ ಕಾಲಿಡೋ ಹಾಗಿರಬಾರದು. ಈಗ ಚಲಿಸೋದು ಒಟ್ಟು 770 ಕೆಜಿ, ಹಗುರ ಇದೆ ಅಂತ ಜೋರಾಗಿ ತಿರುಗಿಸಿದರೆ ನಿಲ್ಲಿಸೋಕೆ ಆಗಲ್ಲ. ಹಾಗಾಗಿ ಎರಡೂ ಕೊನೆಯಲ್ಲಿ ಏಟು ತಡೆಯೋ ಬಫರು. ಪ್ರತಿಭಾರ ಅಂದರೆ ಮಾಯಾಮಂತ್ರ ಅಲ್ಲ, ಅದಕ್ಕೂ ಅದರದೇ ಕಾಟ ಇದೆ. ಆದರೆ ಈ ಕಾಟಗಳಿಗೆಲ್ಲ ಮದ್ದಿದೆ. ಸೋತ ಕೈಗೆ ಮದ್ದಿಲ್ಲ.

ಕೊನೇದು ಚೈನು. ಒಂದಲ್ಲ, ಎರಡು. ಒಂದು ತುಂಡಾದರೆ ಇನ್ನೊಂದು ಪೂರ್ತಿ ಭಾರ ಹೊರಬೇಕು. ರಾಟೆಗಳನ್ನು ಬೆಂಕಿ ಬಾಯಿಯ ನೇರಕ್ಕೆ ಇಡದೆ ಪಕ್ಕಕ್ಕೆ ಸರಿಸಬೇಕು. ಭಾರ ಎತ್ತೋ ಒಳ್ಳೆ ಮಿಶ್ರಲೋಹದ ಚೈನಿಗೂ 200 ಡಿಗ್ರಿ ದಾಟಿದ ಮೇಲೆ ಹೊರೋ ಮಿತಿ ಇಳಿಸಬೇಕು, 400 ದಾಟಿದರೆ ಮುಟ್ಟಲೇಬಾರದು. ನಾರಿನ ತಿರುಳಿರೋ ವೈರ್ ರೋಪಂತೂ ಇಲ್ಲಿಗೆ ಬೇಡವೇ ಬೇಡ.

"ಒಂದು ಚೈನು ಗಟ್ಟಿಯಾಗಿದ್ದರೆ ಸಾಕಲ್ವಾ" ಅನ್ನೋರಿಗೆ ತುಂಗಭದ್ರಾ ನೆನಪಿಸ್ತೀನಿ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಹರಿಯೋ ನೀರಿಗೆ ಅಡ್ಡ ನಿಂತು ಕನ್ನಯ್ಯ ನಾಯ್ಡು ಅವರಂಥ ಗೇಟ್ ತಜ್ಞರು ಸ್ಟಾಪ್‌ಲಾಗ್ ಇಳಿಸೋವರೆಗೂ ರೈತರು ಜೀವ ಕೈಯಲ್ಲಿ ಹಿಡಿದಿದ್ದರು. ಅದು ಇಡೀ ರಾಜ್ಯ ನೋಡಿದ ಬಾಗಿಲು, ಪೇಪರಿನಲ್ಲಿ ಬಂತು. ಫರ್ನೇಸಿನ ಚೈನು ಹರಿದರೆ ಪೇಪರಿನಲ್ಲಿ ಬರಲ್ಲ. ಒಬ್ಬರು ವಾಚ್‌ಮನ್ ಆಗ್ತಾರೆ, ಅಷ್ಟೇ.

"ಇದಕ್ಕೆಲ್ಲ ಕಾನೂನಿದೆ" ಅಂತೀರಾ? ಇತ್ತು. ಗಾಯ ಮಾಡೋವಷ್ಟು ಭಾರ ಯಾರ ಕೈಲೂ ಎತ್ತಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಹೇಳ್ತಿತ್ತು. ಎತ್ತೋ ಚೈನು, ಹಗ್ಗಗಳನ್ನು 12 ತಿಂಗಳಿಗೆ ಒಮ್ಮೆಯಾದರೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು ಅಂತ 29ನೇ ಕಲಮು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದೆ. ಮೂಲ ಕಾಯ್ದೆಯಲ್ಲಿ ಕರೆಂಟ್ ಬಳಸೋ ಕಡೆ 10 ಜನ ಇದ್ದರೆ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ 20 ಜನ ಇರಬೇಕು. ಹದಿನೈದು ಜನ ದುಡಿಯೋ ಸಣ್ಣ ಘಟಕ ಈಗ 'ಕಾರ್ಖಾನೆ' ಅನ್ನೋ ಮಾತಿನಿಂದಲೇ ಹೊರಗೆ. ಬಾಗಿಲ ತೂಕ ಮಾತ್ರ ಅಷ್ಟೇ ಇದೆ ಸ್ವಾಮಿ, ಅದಕ್ಕೆ ಸಂಹಿತೆ ಓದೋಕೆ ಬರಲ್ಲ. ಕಾನೂನಿನ ಕಣ್ಣು ತಪ್ಪೋ ಕಡೆ ವಿನ್ಯಾಸ ಕಾಯಬೇಕು. ಅದಕ್ಕೇ ಈ ಮಾತನ್ನು ಇನ್‌ಸ್ಪೆಕ್ಟರಿಗಿಂತ ಮೊದಲು ಇಂಜಿನಿಯರಿಗೆ ಹೇಳ್ತಿರೋದು.

ನಮ್ಮ ಹಾಸನ ಸಾಮಾನ್ಯ ಊರಲ್ಲ. 1982ರಿಂದ ಇಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 36,000 ಕಿ.ಮೀ. ಮೇಲಿರೋ ಉಪಗ್ರಹಗಳನ್ನು ಜಾಗ ಬಿಟ್ಟು ಅಲುಗದಂತೆ ಇಲ್ಲಿಂದ ಹಿಡಿದಿಡ್ತಾರೆ. ನನಗೆ ಅದು ಹೆಮ್ಮೆ. ಆದರೆ ಅದೇ ಊರಿನ ಹತ್ತಿರ ಒಂದು ಮೀಟರ್ ಎತ್ತರದಲ್ಲಿ ಒಂದು ಬಾಗಿಲನ್ನು ಹಿಡಿದಿಡೋಕೆ ನಮ್ಮ ಹತ್ತಿರ ಇರೋದು ಎರಡು ಪೈಪು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ದಿನಾ ಕೆಂಪು ಬಸ್ಸು ಹತ್ತಿ ಹಾಸನಕ್ಕೆ ಮೆಕ್ಯಾನಿಕಲ್ ಓದೋಕೆ ಬರೋ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಕೇಳೋದು ಇಷ್ಟೇ. ಕಡೇ ವರ್ಷ ಡ್ರೋನ್ ಬೇಡ. ನಾಲ್ಕು ಜನ ಸೇರಿ ಹತ್ತಿರದ ಒಂದು ಫರ್ನೇಸಿಗೆ ಹೋಗಿ. ಬಾಗಿಲ ಅಳತೆ ತಗೊಳ್ಳಿ, ತೂಕ ಲೆಕ್ಕ ಹಾಕಿ, ಪಾಳಿಗೆ ಎಷ್ಟು ಸಲ ತೆಗೀತಾರೆ, ಎಷ್ಟು ಹೊತ್ತು ತೆರೆದಿರುತ್ತೆ ಬರ್ಕೊಳ್ಳಿ. ಎತ್ತೋರನ್ನು "ಎಲ್ಲಿ ನೋವು" ಅಂತ ಕೇಳಿ. ಆಮೇಲೆ ಡ್ರಾಯಿಂಗ್ ಹಾಕಿ. ಗೈಡು "ಇದರಲ್ಲಿ ಹೊಸದೇನಿದೆ" ಅಂತಾರೆ. ಹೌದು ಸಾರ್, ಏತದಷ್ಟು ಹಳೇದು ಅನ್ನಿ.

ಮಾಲೀಕರೇ, ನಿಮಗೂ ಒಂದು ಮಾತು. ಮುಂದಿನ ಸಲ ಬಾಗಿಲು ಎತ್ತುವಾಗ ನೀವೂ ಬಂದು ಚೈನಿಗೆ ಒಂದು ಕೈ ಹಾಕಿ. ಮೂರನೇ ಪಾಳಿಯಲ್ಲಿ, ಹನ್ನೆರಡನೇ ಸಲ ಎತ್ತುವಾಗ. ಆಮೇಲೂ "ಮೂವತ್ತು ವರ್ಷದಿಂದ ಹಿಂಗೇ" ಅನ್ನೋದಾದರೆ, ಅನ್ನಿ.

ಏನಂತೀರಾ?